ಯಾವ ಗಾಡಿ ಯಾರನ್ನು ಕಾಯುತ್ತದೆ

ಕಂಬಿಯ ಮೇಲೆ ಓಡುವುದನ್ನೆಲ್ಲ ರೈಲು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವ ಅಮೃತಮಹಲ್ ದನವನ್ನು ಎಷ್ಟೋ ದೂರದಿಂದ ಕೊಂಬು ನೋಡಿಯೇ ಗುರುತಿಸುವ ನಮ್ಮ ಕಡೂರು ಸೀಮೆಯ ಜನ, ಬೆಂಗಳೂರಿಗೆ ಹೋಗಿ ಬಂದು, "ಅಲ್ಲೂ ರೈಲೇ ಕಣ್ರೀ, ಮೇಲೆ ಓಡುತ್ತೆ ಅಷ್ಟೆ" ಎನ್ನುತ್ತಾರೆ. ಮೇಲೆ ಓಡುತ್ತೆ ಅಷ್ಟೆಯಂತೆ! ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಮಕ್ಕಳಿಗೆ ಪಾಠ ಹೇಳಿದವರಿಗೆ ಅಷ್ಟಾದರೂ ಕೋಪ ಬೇಡವೇ.

ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದೆ. ಮನೆ ಕಡೂರಿನಲ್ಲಿ. ನಿವೃತ್ತಿಯಾಗುವವರೆಗೂ ದಿನಾ ಬೆಳಿಗ್ಗೆ ಕಡೂರಿನಲ್ಲಿ ಪ್ಯಾಸೆಂಜರು ಹತ್ತಿ, ಬೀರೂರು ದಾಟಿ, ಅಜ್ಜಂಪುರದಲ್ಲಿ ಇಳಿಯುವುದು, ಸಂಜೆ ಅದೇ ದಾರಿಯಲ್ಲಿ ವಾಪಸು ಬರುವುದು. ನಮ್ಮದೊಂದು ಗುಂಪಿತ್ತು. ಇಬ್ಬರು ಟೀಚರುಗಳು, ಬ್ಯಾಂಕಿನ ಒಬ್ಬಾಕೆ, ಆಸ್ಪತ್ರೆಯ ನರ್ಸು. ಆ ಗುಂಪಿಗೆ ಸೀಟು ಹಿಡಿಯುವ ಕೆಲಸ ನನ್ನದು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಬಾಗಿಲಿನ ಕಂಬಿ ಹಿಡಿದು ನುಗ್ಗಿ, ಒಂದು ಸೀಟಿಗೆ ಬ್ಯಾಗು, ಇನ್ನೊಂದಕ್ಕೆ ಕೊಡೆ, ಮತ್ತೊಂದಕ್ಕೆ ಊಟದ ಡಬ್ಬಿ ಇಟ್ಟು ಕಾವಲು ನಿಲ್ಲುತ್ತಿದ್ದೆ. ಮಿಕ್ಕವರು ಮಾತಾಡಿಕೊಂಡು, ನಿಧಾನವಾಗಿ ಹತ್ತಿ ಬರುತ್ತಿದ್ದರು. ಯಾರಾದರೂ ಮೆಟ್ಟಿಲ ಮೇಲೆ ಓಡಿ ಬರುವುದು ಕಂಡರೆ ಗಾರ್ಡು ಬಾವುಟ ಬೀಸುವುದಕ್ಕೆ ಒಂದು ಗಳಿಗೆ ತಡ ಮಾಡುತ್ತಿದ್ದರು. ನಮ್ಮ ಕಡೆ ಎಲ್ಲಿಗೆ ಹೊರಟರೂ ಹೀಗೇ. ಗಟ್ಟಿಮುಟ್ಟಾದವರು ಮೊದಲು ಹತ್ತಿ ಸೀಟು ಹಿಡಿಯಬೇಕು, ವಯಸ್ಸಾದವರು ಹಿಂದೆ ಬರಬೇಕು. ಟಿಕೀಟೆಲ್ಲ ಒಬ್ಬರ ಕೈಯಲ್ಲೇ ಇರಬೇಕು.

ಪಠ್ಯದಲ್ಲಿ ನಗರ ಸಾರಿಗೆಯ ಮೇಲೆ ಒಂದು ಸಣ್ಣ ಪಾಠವಿತ್ತು. ಟ್ರಾಮು, ಲಘು ರೈಲು, ಮೊನೊ ರೈಲು, ಮೆಟ್ರೋ, ಉಪನಗರ ರೈಲು. ಪರೀಕ್ಷೆಗೆ 'ವ್ಯತ್ಯಾಸ ಬರೆಯಿರಿ' ಎಂದು ಬರುತ್ತಿದ್ದುದರಿಂದ ಬೋರ್ಡಿನ ಮೇಲೆ ಗೆರೆ ಎಳೆದು ಬರೆಸುತ್ತಿದ್ದೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ಬರೆಯುತ್ತಿದ್ದರು, ಮರೆಯುತ್ತಿದ್ದರು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಮೆಟ್ರೋ ಬರೋವಾಗ ಗೇಟ್ ಹಾಕ್ತಾರಾ?" ಎಂದಳು. ಕ್ಲಾಸೆಲ್ಲ ನಕ್ಕಿತು. ನಾನು ನಗಲಿಲ್ಲ. ರೈಲ್ವೆ ಗೇಟಿನಲ್ಲಿ ಸೈಕಲ್ ಹಿಡಿದು ನಿಂತು ನಿಂತೇ ಬೆಳೆದ ಮಕ್ಕಳು ಅವು. ಅವಳ ಪ್ರಶ್ನೆಯಲ್ಲೇ ಪಾಠವೆಲ್ಲ ಇತ್ತು. ಟ್ರಾಮಿಗೆ ಗೇಟೇ ಇಲ್ಲ, ಅದು ಬೀದಿಯಲ್ಲೇ ಸೈಕಲ್ಲು, ಆಟೋಗಳ ಜೊತೆ ಓಡುತ್ತದೆ. ಲಘು ರೈಲಿಗೆ ಬಹುಮಟ್ಟಿಗೆ ತನ್ನದೇ ದಾರಿ ಇದ್ದರೂ ಅಲ್ಲಲ್ಲಿ ರಸ್ತೆ ಅಡ್ಡ ಬರುತ್ತದೆ. ಉಪನಗರ ರೈಲು ನಮ್ಮ ಪ್ಯಾಸೆಂಜರಿನ ಹಾಗೆ ದೊಡ್ಡ ಗಾಡಿಗಳ ಕಂಬಿಯ ಮೇಲೋ ಅದರ ಪಕ್ಕದಲ್ಲೋ ಓಡುತ್ತದೆ. ಮೊನೊ ರೈಲು ಒಂದೇ ತೊಲೆಯನ್ನು ತಬ್ಬಿಕೊಂಡು ಹೋಗುತ್ತದೆ. ಮೆಟ್ರೋಗೆ ಗೇಟು ಬೇಕಿಲ್ಲ, ಯಾಕೆಂದರೆ ಅದರ ದಾರಿಗೆ ಯಾರೂ ಅಡ್ಡ ಬರುವ ಹಾಗೇ ಇಲ್ಲ. ಇಷ್ಟನ್ನು ಅವತ್ತು ಹೇಳಿದೆ. ಆಮೇಲೆ ಪ್ರತಿ ವರ್ಷವೂ ಹಾಗೇ ಹೇಳಿದೆ, ನಾನೇ ಕಂಡುಹಿಡಿದವಳ ಹಾಗೆ. ನಿಜ ಹೇಳಬೇಕೆಂದರೆ ಅಷ್ಟು ವರ್ಷ ಮೆಟ್ರೋ ಬಗ್ಗೆ ಕೊರೆದ ನಾನು ಅದರಲ್ಲಿ ಕೂತದ್ದು ಎರಡೇ ಸಲ. ಅದೂ ರಜಾದಿನ, ಜನವಿಲ್ಲದ ಹೊತ್ತಿನಲ್ಲಿ.

ಇನ್ನು ನಮ್ಮ ಅತ್ತಿಗೆಯ ವಿಷಯ. ಅಣ್ಣನನ್ನು ಮದುವೆಯಾಗಿ ತರೀಕೆರೆಯ ನಮ್ಮ ತವರುಮನೆಗೆ ಬಂದಾಗ ನಾನು ಏಳನೇ ಕ್ಲಾಸು. ಅವರ ಊರು ಲಕ್ಕವಳ್ಳಿ ಕಡೆ. ನನಗೆ ಜಡೆ ಹಾಕಿದವರು, ಅಮ್ಮನಿಗೆ ಗೊತ್ತಾಗದ ಹಾಗೆ ಕಾಲೇಜಿನ ಫಾರಂ ತುಂಬಲು ಕಳಿಸಿದವರು ಅವರು. ನನಗೆ ಕೆಲಸ ಸಿಕ್ಕ ದಿನದಿಂದ ಬಾಯಿ ತುಂಬ ಟೀಚರಮ್ಮ ಎಂದೇ ಕರೆಯುತ್ತಾರೆ, ಅರ್ಧ ಪ್ರೀತಿ, ಅರ್ಧ ಗೇಲಿ.

ಅವರ ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಕೆಲವು ವರ್ಷದ ಹಿಂದೆ ಗದ್ದೆಯಲ್ಲಿ ಭತ್ತದ ಗರಿಯೊಂದು ಬಲಗಣ್ಣಿಗೆ ಬಡಿದು ಹುಣ್ಣಾಯಿತು. ಹುಣ್ಣೇನೋ ವಾಸಿಯಾಯಿತು, ಆದರೆ ಕರಿಗುಡ್ಡೆಯ ಮೇಲೆ ಬಿಳಿ ಪೊರೆ ಕಟ್ಟಿಕೊಂಡು ಉಳಿಯಿತು. ಬರುಬರುತ್ತಾ ಬೆಳಕು, ನೆರಳು, ಅಲ್ಲಾಡುವ ಆಕಾರ ಇಷ್ಟೇ ಕಾಣುವಂತಾಯಿತು. ಅವರು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಕೈಯಿಂದ ತಡವಿ ಒಲೆ ಹಚ್ಚುತ್ತಿದ್ದರು, ಸದ್ದು ಕೇಳಿ ಹಾಲು ಇಳಿಸುತ್ತಿದ್ದರು. ಒಂದು ದಿನ ಬಾಗಿಲಲ್ಲಿ ನಿಂತ ನನ್ನನ್ನೇ "ಯಾರಪ್ಪಾ ಅದು?" ಎಂದು ಕೇಳಿದರು. ಅವತ್ತೇ ಹಟ ಹಿಡಿದು ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸತ್ತವರ ಕಣ್ಣಿನ ಪಾರದರ್ಶಕ ಪೊರೆಯನ್ನು ತೆಗೆದು ಇವರಿಗೆ ಕೂರಿಸಬಹುದು, ಸಿಕ್ಕಾಗ ಕರೆಯುತ್ತೇವೆ ಎಂದು ಹೆಸರು ಬರೆದುಕೊಂಡರು. ನನ್ನ ಫೋನ್ ನಂಬರು ಕೊಟ್ಟು ಬಂದೆ.

ತಿಂಗಳುಗಟ್ಟಲೆ ಕಾದೆವು. ಆಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. "ಕಣ್ಣು ಬಂದಿದೆ. ನಾಳೆ ಹನ್ನೆರಡು ಗಂಟೆ ಒಳಗೆ ಬಂದು ಸೇರಬೇಕು. ಬರದಿದ್ರೆ ಪಟ್ಟಿಯಲ್ಲಿ ಮುಂದಿನವರನ್ನ ಕರೀತೀವಿ, ಇಟ್ಕೊಂಡು ಕೂರೋಕಾಗಲ್ಲ." ಅಣ್ಣ ಆ ವಾರವೇ ಹರ್ನಿಯಾ ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದ. ಬೆಳಗಿನ ಗಾಡಿಗೆ ಪಕ್ಕದ ಮನೆಯವರು ಅತ್ತಿಗೆಯನ್ನು ತರೀಕೆರೆಯಲ್ಲಿ ಹತ್ತಿಸುವುದು, ಕಡೂರಿನಲ್ಲಿ ನಾನು ಸೇರಿಕೊಳ್ಳುವುದು ಎಂದಾಯಿತು.

ಕಡೂರಿನಲ್ಲಿ ನಾನು ಬೋಗಿಯೊಳಗೆ ಕಾಲಿಡುತ್ತಿದ್ದ ಹಾಗೇ ಕೂಗು ಕೇಳಿಸಿತು. "ಬಾರೇ ಟೀಚರಮ್ಮ, ಇಲ್ಲಿ ಇಲ್ಲಿ! ಸ್ವಲ್ಪ ಜರುಗಪ್ಪಾ, ನಮ್ ನಾದ್ನಿ ಬಂದ್ಲು." ತಮ್ಮ ಕೈಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟು, ಅದರ ಮೇಲೊಂದು ಕೈಯಿಟ್ಟು ಕೂತಿದ್ದರು.

"ನಾನೇ ಅಂತ ಹೆಂಗೆ ಗೊತ್ತಾಯ್ತು?" ಎಂದೆ.

"ಜಗಳಕ್ಕೆ ಹೋಗೋಳ ಥರ ಹೆಜ್ಜೆ ಹಾಕೋರು ನಮ್ಮ ವಂಶದಲ್ಲಿ ಇನ್ಯಾರವ್ರೆ?"

ಗಾಡಿ ಹೊರಟಿತು. ಅತ್ತಿಗೆ ಚಕ್ಕುಲಿ ಕೊಟ್ಟರು, ಅಣ್ಣನ ಹೊಲಿಗೆಯ ಸುದ್ದಿ ಹೇಳಿದರು. ತಮ್ಮ ಆಪರೇಷನ್ ಬಗ್ಗೆ ಒಂದು ಮಾತೂ ಇಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾತ್ರ ನಡೆದೇ ಇತ್ತು. ಹೆದರಿದ್ದಾರೆಂದು ತಿಳಿಯಿತು. ಮನಸ್ಸು ಬೇರೆ ಕಡೆ ತಿರುಗಲಿ ಎಂದು ನಾನು ಮೆಟ್ರೋ ಕಥೆ ತೆಗೆದೆ.

"ರೈಲಿಂದ ಇಳಿದು ಮೆಟ್ರೋದಲ್ಲಿ ಹೋಗೋಣ ಅತ್ತಿಗೆ. ನಾಲ್ಕನೇ ಸ್ಟೇಷನ್ನು. ಹೊರಗೆ ಬಂದ್ರೆ ಎದುರಿಗೇ ಆಸ್ಪತ್ರೆ."

"ಆಟೋದಲ್ಲಿ ಹೋದ್ರಾಯ್ತಪ್ಪ. ಆಸ್ಪತ್ರೆ ಬಾಗ್ಲಿಗೇ ಬಿಡ್ತಾನೆ."

"ಬೆಂಗಳೂರಿನ ರಸ್ತೇಲಿ ಆಟೋ ನಂಬ್ಕೊಂಡ್ರೆ ಹನ್ನೆರಡಕ್ಕೆ ಅಲ್ಲ, ಮೂರಕ್ಕೆ ಮುಟ್ತೀವಿ."

"ಮೆಟ್ರೋ ಅಂದ್ರೆ ಟ್ರಾಮೇ ತಾನೆ?" ಎಂದರು ಅತ್ತಿಗೆ.

ಅಯ್ಯೋ ಶಿವನೇ! ನನ್ನ ಅತ್ತಿಗೆಯ ಬಾಯಲ್ಲೇ ಈ ಮಾತು. "ಅಲ್ಲ ಅತ್ತಿಗೆ, ಟ್ರಾಮೇ ಬೇರೆ, ಮೆಟ್ರೋನೇ ಬೇರೆ."

"ನಮ್ಮಜ್ಜಿ ಹೇಳೋಳು. ನಮ್ಮೂರ ಕಾಡಲ್ಲಿ ಹಿಂದೆ ಮರ ಸಾಗ್ಸೋಕೆ ಒಂದು ಪುಟ್ಟ ಟ್ರಾಮ್ ಗಾಡಿ ಇತ್ತಂತೆ. ಏರು ಬಂದ್ರೆ ಜನ ಕೆಳಗಿಳಿದು ಅದರ ಪಕ್ಕದಲ್ಲೇ ನಡೆಯೋರಂತೆ. ದಾರೀಲಿ ನೆಲ್ಲಿಕಾಯಿ ಕಿತ್ಕೊಂಡು ಮತ್ತೆ ಹತ್ಕೊಳ್ಳೋರಂತೆ. ಯಾರೂ ಬೈತಿರಲಿಲ್ವಂತೆ."

ನಾನು ಬಿಡಲಿಲ್ಲ. ಬೋರ್ಡು, ಸೀಮೆಸುಣ್ಣ ಇಲ್ಲ ಅನ್ನುವುದೊಂದು ಬಿಟ್ಟರೆ ಅಜ್ಜಂಪುರದ ಪಾಠ ಅಷ್ಟನ್ನೂ ಒಪ್ಪಿಸಿದೆ. ಅರಸೀಕೆರೆಯ ಹತ್ತಿರ ನಮ್ಮ ಗಾಡಿಯನ್ನು ಪಕ್ಕಕ್ಕೆ ಹಾಕಿ, ಹಿಂದಿನಿಂದ ಬಂದ ಇನ್ನೊಂದು ಗಾಡಿಗೆ ದಾರಿ ಬಿಟ್ಟರು. ಅದನ್ನೂ ಉದಾಹರಣೆಗೆ ಬಳಸಿಕೊಂಡೆ. ತುಮಕೂರಿನಲ್ಲಿ ಆಫೀಸಿನ ಬ್ಯಾಗು ನೇತುಹಾಕಿಕೊಂಡ ಜನ ತುಂಬಿಕೊಂಡರು. "ನೋಡಿ, ಇಲ್ಲಿಂದಾಚೆ ನಮ್ಮ ಗಾಡೀನೇ ಉಪನಗರ ರೈಲಿನ ಕೆಲಸ ಮಾಡುತ್ತೆ" ಎಂದೆ. ಎದುರಿಗೆ ಕೂತಿದ್ದವರೊಬ್ಬರು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರ ಹಾಗೆ ನಟಿಸಿದರು.

ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ, "ಅಂದ್ರೆ ಟ್ರಾಮು ಎಲ್ರಿಗೂ ಕಾಯುತ್ತೆ. ನಮ್ ಗಾಡಿ ದೊಡ್ಡೋರಿಗೆ ಕಾಯುತ್ತೆ. ಮೆಟ್ರೋ ಯಾರಿಗೂ ಕಾಯಲ್ಲ. ಇಷ್ಟೇ ತಾನೆ? ಇದಕ್ಕೆ ಕಡೂರಿಂದ ಕೊರೀಬೇಕಿತ್ತಾ?" ಎಂದರು.

ಎದುರಿಗಿದ್ದವರು ಕಣ್ಣು ಮುಚ್ಚಿಕೊಂಡೇ ನಕ್ಕರು. ನನಗೆ ಸ್ವಲ್ಪ ಮುಖಭಂಗವಾಯಿತು. ಆದರೆ ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ.

ದಾರಿ ಬಿಟ್ಟು ದಾರಿ ಬಿಟ್ಟು ನಮ್ಮ ಗಾಡಿ ತಡವಾಗಿಯೇ ಬೆಂಗಳೂರು ಮುಟ್ಟಿತು. ಗಡಿಯಾರ ನೋಡಿದೆ. ಹನ್ನೊಂದಕ್ಕೆ ಹತ್ತು ನಿಮಿಷ. ಅತ್ತಿಗೆ ಮತ್ತೊಮ್ಮೆ ಆಟೋ ಎಂದರು, ನಾನು ಕೇಳಿಸದವಳ ಹಾಗೆ ಕೈ ಹಿಡಿದು ಮೆಟ್ರೋ ಸ್ಟೇಷನ್ನಿಗೆ ನಡೆಸಿದೆ. ಎರಡು ಟೋಕನ್ ಕೊಂಡೆ, ಪ್ಲಾಸ್ಟಿಕ್ಕಿನ ಗುಂಡನೆಯ ಬಿಲ್ಲೆಗಳು. ಒಳಗೆ ಹೋಗುವಾಗ ಅದನ್ನು ಮುಟ್ಟಿಸಿದರೆ ಬಾಗಿಲು ತೆರೆಯುತ್ತದೆ, ಹೊರಗೆ ಬರುವಾಗ ಅದನ್ನೇ ಕಿಂಡಿಗೆ ಹಾಕಬೇಕು. ಅತ್ತಿಗೆ ತಮ್ಮದನ್ನು ಮುಟ್ಟಿಸಿ ಒಳಗೆ ಬಂದರೋ ಇಲ್ಲವೋ, "ಕೊಡಿ ಇಲ್ಲಿ, ಕಳ್ಕೋತೀರ" ಎಂದು ಕಿತ್ತುಕೊಂಡು ನನ್ನ ಪರ್ಸಿಗೆ ಹಾಕಿಕೊಂಡೆ. "ನನ್ ಟಿಕೀಟು ನನ್ ಕೈಲಿದ್ರೆ ನಿಂಗೇನು ನೋವು?" ಎಂದು ಗೊಣಗಿದರು. ಅವರ ಕೈಚೀಲವನ್ನೂ ನಾನೇ ಹೊತ್ತೆ. ಅವರ ಫೋನು ಅದರಲ್ಲಿತ್ತು. ಆಸ್ಪತ್ರೆಯ ಫೈಲು ನನ್ನ ಬ್ಯಾಗಿನಲ್ಲಿತ್ತು.

ಪ್ಲಾಟ್‌ಫಾರಂ ಮೇಲೆ ಜನವೋ ಜನ. ಗಾಡಿ ಬಂದು ನಿಂತಿತು, ಬಾಗಿಲು ತೆರೆಯಿತು, ಒಳಗೆ ಒಂದೆರಡು ಸೀಟು ಖಾಲಿ ಕಂಡವು. ಅಷ್ಟೇ. ಆಮೇಲೆ ನಾನು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಅಷ್ಟು ವರ್ಷ ಕಡೂರಿನ ಪ್ಲಾಟ್‌ಫಾರಂ ಮೇಲೆ ಮಾಡಿದ್ದನ್ನೇ ಕೈಕಾಲು ತಾವಾಗಿ ಮಾಡಿದವು. "ನೀವು ನಿಧಾನ ಬನ್ನಿ, ನಾನು ಸೀಟು ಹಿಡೀತೀನಿ" ಎಂದು ಅವರ ಕೈ ಬಿಟ್ಟು ನುಗ್ಗಿದೆ. ಒಂದು ಸೀಟಿಗೆ ಬ್ಯಾಗು, ಇನ್ನೊಂದಕ್ಕೆ ಕೈಚೀಲ ಇಟ್ಟೆ. ಗೆದ್ದವಳ ಹಾಗೆ ತಿರುಗಿ ನೋಡಿದೆ. ಕೀ ಕೀ ಎಂದು ಸದ್ದಾಯಿತು. ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆ ಅತ್ತಿಗೆ ನನ್ನ ಕೈ ಇದ್ದ ಕಡೆಗೆ ಕೈ ಚಾಚಿಕೊಂಡು ನಿಂತಿದ್ದರು. ಗಾಡಿ ಹೊರಟೇಬಿಟ್ಟಿತು.

"ನಿಲ್ಸಿ, ನಿಲ್ಸಿ!" ಎಂದು ಬಾಗಿಲು ಬಡಿದೆ. ತಲೆ ಎತ್ತಿ ಸರಪಳಿ ಹುಡುಕಿದೆ. ಎಲ್ಲಿದೆ ಸರಪಳಿ? ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದ ಯುವತಿಯೊಬ್ಬಳು ನನ್ನ ತೋಳು ಹಿಡಿದು, "ಏನಾಯ್ತು ಆಂಟಿ?" ಎಂದಳು. ಹೇಳಿದೆ. "ಮುಂದಿನ ಸ್ಟೇಷನ್‌ನಲ್ಲಿ ಇಳಿದು ಎದುರುಗಡೆ ಗಾಡೀಲಿ ವಾಪಸ್ ಹೋಗಿ. ಅವರು ಅಲ್ಲೇ ಇರ್ತಾರೆ" ಎಂದಳು. ಅಲ್ಲೇ ಇರುತ್ತಾರೆ, ಅಲ್ಲದೆ ಇನ್ನೆಲ್ಲಿಗೆ ಹೋದಾರು? ಕಣ್ಣು ಕಾಣುವುದಿಲ್ಲ. ಕೈಯಲ್ಲಿ ಟೋಕನ್ ಇಲ್ಲ, ಫೋನ್ ಇಲ್ಲ. ಎಲ್ಲವನ್ನೂ ಕಿತ್ತುಕೊಂಡು ಬಂದವಳು ನಾನೇ. ಥೂ ನನ್ನ ಜನ್ಮಕ್ಕೆ ಎಂದು ಬಾಯಿ ಬಿಟ್ಟೇ ಬೈದುಕೊಂಡೆ.

ಇಳಿದೆ, ಮೆಟ್ಟಿಲು ಹತ್ತಿ ಆ ಕಡೆ ಹೋದೆ, ವಾಪಸು ಬಂದೆ, ಮತ್ತೆ ಮೆಟ್ಟಿಲು ಹತ್ತಿ ಈ ಕಡೆ ಬಂದೆ. ಅತ್ತಿಗೆ ಇರಲಿಲ್ಲ.

ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ನಡೆದೆ. ಅತ್ತಿಗೆ ಉಟ್ಟಿದ್ದಂಥ ಹಸಿರು ಸೀರೆ ಕಂಡಲ್ಲೆಲ್ಲ ಓಡಿದೆ. ಕೆಳಗೆ ಕಂಬಿಯ ಕಡೆ ಇಣುಕಲು ಧೈರ್ಯ ಬರಲಿಲ್ಲ. ಕಾವಲಿನ ಹೆಂಗಸು ನಾನು ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿ, "ನಾನು ಈಗ ತಾನೇ ಡ್ಯೂಟಿಗೆ ಬಂದೆ ಅಮ್ಮ. ಕೂತ್ಕೊಳ್ಳಿ, ವಿಚಾರಿಸ್ತೀನಿ" ಎಂದು ವೈರ್‌ಲೆಸ್ಸಿನಲ್ಲಿ ಮಾತಾಡಿದಳು. ನಾನು ಅತ್ತಿಗೆಯ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತೆ. ಒಂದರ ಹಿಂದೊಂದು ಗಾಡಿ ಬಂದವು, ಹೋದವು. ಹನ್ನೊಂದೂವರೆಯಾಯಿತು. ಕಣ್ಣು ಹೋದರೆ ಹೋಗಲಿ, ಇವರೊಬ್ಬರು ಸಿಕ್ಕರೆ ಸಾಕಪ್ಪಾ ಎಂದುಕೊಂಡೆ. ಮರುಗಳಿಗೆಯಲ್ಲೇ, ಕಣ್ಣು ಹೋದರೆ ಹೋಗಲಿ ಅನ್ನುವುದಕ್ಕೆ ನಾನು ಯಾರು, ಅದು ನನ್ನ ಕಣ್ಣೇ ಎಂದು ನನ್ನ ಮೇಲೇ ಸಿಟ್ಟು ಬಂತು. ಆಸ್ಪತ್ರೆಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಆ ಹೆಂಗಸು ನನ್ನ ಕಡೆ ಓಡಿ ಬಂದಳು. "ಹಸಿರು ಸೀರೆ, ವಯಸ್ಸಾದವರು, ಕಣ್ಣು ಕಾಣಲ್ಲ ಅಂದ್ರಲ್ವಾ? ನಾಲ್ಕನೇ ಸ್ಟೇಷನ್‌ನಲ್ಲಿ ಇಳಿದವ್ರಂತೆ. ಟೋಕನ್ ಇಲ್ದೆ ಗೇಟ್ ಹತ್ರ ನಿಂತಿದ್ರಂತೆ. ನಮ್ಮೋರು ಆಸ್ಪತ್ರೆಗೆ ಬಿಟ್ಟು ಬಂದ್ರಂತೆ."

ಮುಂದಿನ ಗಾಡಿಗೆ ಎಲ್ಲರಿಗಿಂತ ಹಿಂದೆ ಹತ್ತಿದೆ. ಸೀಟು ಖಾಲಿ ಇದ್ದರೂ ಕೂರಲಿಲ್ಲ.

ಆಸ್ಪತ್ರೆಯೊಳಗೆ ಏದುಸಿರು ಬಿಡುತ್ತಾ ಹೋದರೆ, ಕೌಂಟರಿನ ಪಕ್ಕದ ಬೆಂಚಿನ ಮೇಲೆ ಅತ್ತಿಗೆ ನೆಟ್ಟಗೆ ಕೂತಿದ್ದರು. ನನ್ನ ಹೆಜ್ಜೆ ಕೇಳಿ ಕೌಂಟರಿನವರ ಕಡೆ ತಿರುಗಿ, "ಬಂದ್ಲು ನೋಡಿ. ನಾನ್ ಹೇಳ್ಲಿಲ್ವಾ?" ಎಂದರು. ಕೌಂಟರಿನವರು, "ಬೇಗ ಬನ್ನಿ ಮೇಡಂ, ಜೊತೆಗಿರೋರ ಸಹಿ ಇಲ್ದೆ ನಾವು ಮುಂದಕ್ಕೆ ಹೋಗೋ ಹಾಗಿಲ್ಲ. ಇವರು ಬತ್ತಾಳೆ ಬತ್ತಾಳೆ ಅಂತ ನಮ್ಮನ್ನ ಕೂರಿಸ್ಬಿಟ್ಟಿದ್ದಾರೆ" ಎಂದರು. ಹನ್ನೆರಡಕ್ಕೆ ಏಳು ನಿಮಿಷ ಇತ್ತು.

ನನಗೆ ಅಳು ಬಂತು. ಅಳುವಿನ ಜೊತೆಗೇ ರೇಗಿತು. "ಅಲ್ಲೇ ನಿಂತಿರೋದು ಬಿಟ್ಟು ಒಬ್ರೇ ಯಾಕೆ ಬಂದ್ರಿ? ಕಂಬಿ ಮೇಲೆ ಬಿದ್ದಿದ್ರೆ ಅಣ್ಣನಿಗೆ ಏನಂತ ಹೇಳ್ಬೇಕಿತ್ತು? ನಾನು ವಾಪಸ್ ಬತ್ತೀನಿ ಅಂತ ಗೊತ್ತಾಗಲ್ವಾ ನಿಮಗೆ?"

"ಗೊತ್ತಿತ್ತು ಕಣೇ. ನೀನು ಹೆಂಗಾದ್ರೂ ಸಿಗ್ತೀಯ. ಆ ಕಣ್ಣು ಸಿಗ್ತಿತ್ತಾ?" ಎಂದರು ಅತ್ತಿಗೆ. "ಅಳೋದೆಲ್ಲ ಆಮೇಲೆ. ಮೊದ್ಲು ರುಜು ಹಾಕು."

ಸಂಬಂಧ ಎಂದು ಬರೆದಿದ್ದ ಕಡೆ ನಾದಿನಿ ಎಂದು ಬರೆದು ಸಹಿ ಮಾಡಿದೆ.

ಒಳಗೆ ಕರೆಯುವ ಮುಂಚೆ ಅತ್ತಿಗೆ ತಾವು ಬಂದ ಬಗೆಯನ್ನು ಹೇಳಿದರು. ಬಾಗಿಲು ಮುಚ್ಚಿದಾಗ ಅವರಿಗೂ ಕೈಕಾಲು ಆಡಲಿಲ್ಲವಂತೆ. ಕೂಗಿದರೂ ನನಗೆ ಕೇಳಿಸುವುದಿಲ್ಲ ಎಂದು ತಿಳಿದು ಸುಮ್ಮನಾದರಂತೆ. ಆಮೇಲೆ ಕಾಲ ಕೆಳಗೆ ಏನೋ ಉಬ್ಬುಬ್ಬಾಗಿರುವುದು ಗೊತ್ತಾಯಿತಂತೆ. "ನೆಲದ ಮೇಲೆ ಗುಬುಟು ಗುಬುಟಾಗಿ ಕಲ್ಲು ಹಾಕವ್ರೆ ಕಣೇ, ಉದ್ದಕ್ಕೂ. ಅದನ್ನ ಬಿಟ್ಟು ಮುಂದಕ್ಕೆ ಹೋಗ್ಬಾರ್ದು ಅಂತ ಪಕ್ಕದಲ್ಲಿದ್ದೋರು ಹೇಳಿದ್ರು. ಅಲ್ಲೇ ನಿಂತೆ. ಇನ್ನೊಂದು ಗಾಡಿ ಬಂತು. ಬಾಗ್ಲು ಸರಿಯಾಗಿ ನಿಂಗೆ ತೆರೆದಿದ್ದಲ್ಲೇ ನಂಗೂ ತೆರೀತು. ಒಂದ್ ಗೇಣೂ ಆಚೀಚೆ ಇಲ್ಲ. ಒಳಗೆ ಒಬ್ಳು ಅಚ್ಚ ಕನ್ನಡದಲ್ಲಿ ಮುಂದಿನ ನಿಲ್ದಾಣ ಇಂಥದ್ದು, ಬಾಗ್ಲು ಈ ಕಡೆ ತೆಗೀತದೆ ಅಂತ ಹೇಳ್ತಾನೇ ಇದ್ಲು. ನಾಲ್ಕು ಎಣಿಸಿ ಇಳ್ಕೊಂಡೆ. ಟಿಕೀಟು ಕೇಳಿದ್ರು. ನಮ್ ಟೀಚರಮ್ಮನ ಹತ್ರ ಐತೆ, ಅವ್ಳು ಕಳ್ದೋಗವ್ಳೆ ಅಂದೆ."

ಕೌಂಟರಿನವರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ, ಕಣ್ಣೊರೆಸಿಕೊಳ್ಳುತ್ತಲೇ.

"ನಮ್ ಗಾಡೀಲಿ ಬೀರೂರು ಬಂತಾ, ಕಡೂರು ಬಂತಾ ಅಂತ ಅವರಿವರನ್ನ ಕೇಳ್ಕೊಂಡೇ ಬತ್ತೀನಿ" ಎಂದರು ಅತ್ತಿಗೆ. "ಇದ್ರಲ್ಲಿ ಯಾರನ್ನೂ ಕೇಳೋದೇ ಬೇಕಿಲ್ಲ. ಇದನ್ನ ನೀನು ಪಾಠದಲ್ಲಿ ಹೇಳ್ಲೇ ಇಲ್ಲ."

ನಾನು ಹೇಳಿರಲಿಲ್ಲ. ನನಗೆ ಗೊತ್ತೇ ಇರಲಿಲ್ಲ. ಗೇಟು, ಕಂಬಿ, ತೊಲೆ, ವೇಗ ಎಂದು ಅಷ್ಟು ವರ್ಷ ಬೋರ್ಡು ತುಂಬಿಸಿದ್ದೆ. ಕಣ್ಣು ಕಾಣದವರು ಯಾವುದರಲ್ಲಿ ಒಬ್ಬರೇ ಹೋಗಬಹುದು ಎಂಬ ಸಾಲು ಅದರಲ್ಲಿ ಇರಲಿಲ್ಲ. ಈಗ ಯಾರಾದರೂ ಕೇಳಿದರೆ ಅದನ್ನೇ ಮೊದಲು ಹೇಳುತ್ತೇನೆ. ಯಾರಿಗೂ ಕಾಯದ ಗಾಡಿಯೇ ಎಲ್ಲರಿಗೂ ಎಲ್ಲವನ್ನೂ ಹೇಳಿಕೊಂಡು ಹೋಗುತ್ತದೆ ಅನ್ನುವುದು ನನಗೆ ಅತ್ತಿಗೆಯಿಂದ ಗೊತ್ತಾಯಿತು.

ಮಧ್ಯಾಹ್ನ ಆಪರೇಷನ್ ಆಯಿತು. ಮಾರನೆಯ ದಿನ ಬೆಳಿಗ್ಗೆ ಡಾಕ್ಟರು ಬಂದು ಕಟ್ಟು ಬಿಚ್ಚಿದರು. ಅತ್ತಿಗೆ ಮೆಲ್ಲಗೆ ರೆಪ್ಪೆ ತೆರೆದರು. ಡಾಕ್ಟರು ಬೆರಳು ತೋರಿಸಿದರು. "ಮೂರು" ಎಂದರು ಅತ್ತಿಗೆ. ಇನ್ನೊಮ್ಮೆ ತೋರಿಸಿದರು. "ಎರಡು. ಮಂಜು ಮಂಜಾಗೈತೆ, ಆದ್ರೆ ಎರಡೇ." ದಿನ ಹೋದ ಹಾಗೆ ಇನ್ನೂ ತಿಳಿಯಾಗುತ್ತದೆ, ಬಗ್ಗಬೇಡಿ, ಭಾರ ಎತ್ತಬೇಡಿ, ಔಷಧಿ ಬಿಡುವುದನ್ನು ತಪ್ಪಿಸಬೇಡಿ ಎಂದರು ಡಾಕ್ಟರು. ಅತ್ತಿಗೆ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. "ನೀಲಿ ಸೀರೆ" ಎಂದರು. ನನ್ನ ಸಂತೋಷ ಹೇಳತೀರದು. ಅಣ್ಣನಿಗೆ ಫೋನ್ ಮಾಡಿ ಕೂಗಿ ಕೂಗಿ ಹೇಳಿದೆ. ಆ ಕಡೆ ಅವನು ಅಳುತ್ತಿದ್ದ.

ಡಾಕ್ಟರು ಹೊರಡುವಾಗ ಅತ್ತಿಗೆ, "ಇದು ಯಾರದು ಸ್ವಾಮಿ?" ಎಂದು ಕೇಳಿದರು.

"ಅದನ್ನ ಹೇಳೋ ಹಾಗಿಲ್ಲ ಅಮ್ಮ."

"ಗಂಡಸೋ ಹೆಂಗಸೋ?"

"ಅದನ್ನೂ ಹೇಳೋ ಹಾಗಿಲ್ಲ."

ನಾನು ಇಡ್ಲಿ ತಂದು ಮುಂದಿಟ್ಟೆ. ಅತ್ತಿಗೆ ಮುಟ್ಟಲಿಲ್ಲ. ಕಿಟಕಿಯ ಬೆಳಕಿನ ಕಡೆ ನೋಡುತ್ತಾ ಕೂತಿದ್ದರು. ನೋವೇ ಎಂದು ಕೇಳಿದರೆ ಇಲ್ಲ ಎಂದರು. ಆಮೇಲೆ, "ಫೋನ್ ಬಂದಿದ್ದು ಮೊನ್ನೆ ತಾನೆ?" ಎಂದರು.

"ಹೂಂ, ಮೊನ್ನೆ ಮಧ್ಯಾಹ್ನ."

"ಅಂದ್ರೆ ಅವರು ಹೋಗಿದ್ದೂ ಮೊನ್ನೇನೇ. ಇವತ್ತಿಗೆ ಮೂರು ದಿನ ಆಯ್ತು." ಧ್ವನಿ ತಗ್ಗಿತು. "ಇವತ್ತು ಅವರ ಮನೇಲಿ ಹಾಲುತುಪ್ಪ ಕಣೇ."

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮೂರನೇ ದಿನ ಮನೆಯವರೆಲ್ಲ ಮಣ್ಣು ಮಾಡಿದ ಜಾಗಕ್ಕೆ ಹೋಗಿ ಹಾಲು, ತುಪ್ಪ ಬಿಟ್ಟು ಬರುತ್ತಾರೆ. ಅವತ್ತು ಅದಾಗುವವರೆಗೆ ಹತ್ತಿರದವರು ಬಾಯಿಗೆ ಏನನ್ನೂ ಹಾಕುವುದಿಲ್ಲ. ನಿನ್ನೆ ಹನ್ನೆರಡರೊಳಗೆ ಮುಟ್ಟಬೇಕೆಂದು ನಾನು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಗ, ಇದೇ ಊರಿನಲ್ಲೋ ಇನ್ನೆಲ್ಲೋ ಒಂದು ಮನೆಯಲ್ಲಿ ಜನ ಅಳುತ್ತಾ ಕೂತಿದ್ದರು. ಅದು ನನಗೆ ಹೊಳೆದಿರಲೇ ಇಲ್ಲ. ಕಣ್ಣು ಬಂದಿದೆ ಎಂದು ಫೋನಿನಲ್ಲಿ ಹೇಳಿದಾಗ, ಪಾರ್ಸೆಲ್ ಬಂದಿದೆ ಎಂದ ಹಾಗೆ ಕೇಳಿಸಿಕೊಂಡಿದ್ದೆ.

ಕೆಳಗಿಳಿದು ಹೋಗಿ ಅರ್ಧ ಲೀಟರ್ ಹಾಲು, ಒಂದು ಚಿಕ್ಕ ಪೊಟ್ಟಣ ತುಪ್ಪ ತಂದೆ. ನರ್ಸಿಗೆ ಹೇಳಿದೆ. ಆಕೆ ಏನೂ ಕೇಳದೆ ಲಿಫ್ಟಿನವರೆಗೂ ಅತ್ತಿಗೆಯ ತೋಳು ಹಿಡಿದು ಬಂದಳು. ಆಸ್ಪತ್ರೆಯ ಹಿತ್ತಲಿನ ಗೋಡೆಯ ಪಕ್ಕ ಒಂದು ಹೊಂಗೆ ಮರವಿತ್ತು, ಅದರ ಬುಡದಲ್ಲಿ ಒಂದಿಷ್ಟು ಮಣ್ಣು. ಅಲ್ಲಿ ನಿಂತೆವು. ಅತ್ತಿಗೆ ಬಗ್ಗುವ ಹಾಗಿರಲಿಲ್ಲ. ಲೋಟ ನಾನು ಹಿಡಿದೆ, ಅವರು ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟರು.

"ಹೆಸರು ಗೊತ್ತಿಲ್ಲ. ಏನಂತ ಕರೀಲಿ?" ಎಂದು ನನ್ನನ್ನು ಕೇಳಿದರು.

ನಾನು ಲೋಟ ಬಗ್ಗಿಸಿದೆ.

ಹಾಲು ಬಿಟ್ಟೆವು, ತುಪ್ಪ ಬಿಟ್ಟೆವು. ಮಣ್ಣು ಅದನ್ನು ಕುಡಿದುಕೊಳ್ಳುವವರೆಗೂ ಅತ್ತಿಗೆ ಆ ಹೊಸ ಕಣ್ಣಿನಿಂದಲೇ ನೋಡುತ್ತಾ ನಿಂತರು. ಆಮೇಲೆ, ನನ್ನ ಕಡೆ ತಿರುಗದೆಯೇ, ಮನೆಗೆ ಬಂದ ನೆಂಟರನ್ನು ಒಳಗೆ ಕರೆಯುವ ದನಿಯಲ್ಲಿ ಹೇಳಿದರು.

"ನಡೀರಿ, ನಮ್ಮೂರಿಗೆ ಹೋಗೋಣ. ನಮ್ ಯಜಮಾನ್ರನ್ನ ನೋಡೀರಂತೆ."